ಚಳಿಗೆ ಮುಂಚೆ ಹಿತ್ತಿಲ ಫಸಲು: ಯಾವುದು ಜಾಡಿಗೆ, ಯಾವುದು ಬುಟ್ಟಿಗೆ, ಯಾವುದು ಮಣ್ಣಿನಲ್ಲೇ?

ಹಿತ್ತಿಲಬಾಗಿಲು:
ಬೇಸಿಗೆಯುದ್ದಕ್ಕೂ ಒಂದೊಂದೇ ಹಣ್ಣು ಕೊಡುತ್ತಿದ್ದ ಟೊಮೆಟೊ ಗಿಡಗಳು ಈಗ ಒಮ್ಮೆಲೇ ಸುರಿಯುತ್ತಿವೆ. ಹುರುಳಿಕಾಯಿ ಬಲಿಯುತ್ತಿದೆ. ಎಲೆಕೋಸು ಬಿರಿಯುವಷ್ಟು ಬಿಗಿದಿದೆ. ಕುಂಬಳದ ಬಳ್ಳಿ ಒಣಗಲು ಶುರುವಾಗಿದೆ, ಈರುಳ್ಳಿಯ ಎಲೆಗಳು ಕತ್ತು ಬಾಗಿಸಿ ಮಲಗಿವೆ. ಕ್ಯಾರೆಟ್, ಬೀಟ್‌ರೂಟ್, ಆಲೂಗಡ್ಡೆ ಇನ್ನೂ ಮಣ್ಣಿನಲ್ಲಿವೆ. ರಾತ್ರಿಗಳು ತಣ್ಣಗಾಗುತ್ತಿವೆ, ಇಬ್ಬನಿ ಹೆಪ್ಪುಗಟ್ಟುವ ದಿನ ದೂರವಿಲ್ಲ.

ಜಾಗ ಚಿಕ್ಕದು, ನೆಲಮಾಳಿಗೆ ಇಲ್ಲ. ಫ್ರೀಜರ್ ಎಂದರೆ ಫ್ರಿಜ್‌ನ ಮೇಲಿನ ಖಾನೆ ಮಾತ್ರ. ಗಾಜಿನ ಜಾಡಿಗಳನ್ನು ಸಾಲಾಗಿ ತೊಳೆದಿಟ್ಟಿದ್ದೇನೆ. ಎಲ್ಲವನ್ನೂ ಹೆಚ್ಚಿ, ಕುದಿಸಿ, ಜಾಡಿಗೆ ತುಂಬಿ, ಚಳಿಗಾಲವಿಡೀ ತಿನ್ನೋಣ ಎಂಬ ಯೋಚನೆ. ಎಲ್ಲಿಂದ ಶುರುಮಾಡುವುದು?

ಎರೆಹುಳು:
ಜಾಡಿಗಳನ್ನು ಸದ್ಯಕ್ಕೆ ಅಟ್ಟಕ್ಕೇರಿಸಿ. ನಿಮ್ಮ ಪಟ್ಟಿಯಲ್ಲಿರುವ ಹೆಚ್ಚಿನವಕ್ಕೆ ಜಾಡಿಯೇ ಬೇಡ.

ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್ ಇವೆಲ್ಲ ಚಳಿಗಾಲ ದಾಟಿ ಮತ್ತೆ ಚಿಗುರುವುದಕ್ಕೆಂದು ಸಸ್ಯ ತನಗಾಗಿಯೇ ಕೂಡಿಟ್ಟುಕೊಂಡ ದಾಸ್ತಾನು. ಕಿತ್ತ ಮೇಲೂ ಅವು ಜೀವಂತವಾಗಿರುತ್ತವೆ, ಉಸಿರಾಡುತ್ತಿರುತ್ತವೆ. ಆ ಉಸಿರಾಟವನ್ನು ನಿಧಾನಗೊಳಿಸಿದರೆ ನಿಮ್ಮ ಪಾಲಿನ ಕೆಲಸ ಮುಗಿಯಿತು. ತಿಂಗಳುಗಟ್ಟಲೆ ತಾನಾಗಿಯೇ ಕೆಡದೆ ಇರಬಲ್ಲ ಗಡ್ಡೆಯನ್ನು ಕುದಿಸಿ ಕೊಂದು, ಆಮೇಲೆ ಅದು ಕೊಳೆಯದಂತೆ ಕಾಯುವುದು ಯಾವ ಲೆಕ್ಕದಲ್ಲಿ ಉಳಿತಾಯ?

ಕೆಲಸದ ಸರದಿಯನ್ನು ಚಳಿಗೇ ಬಿಡಿ. ಟೊಮೆಟೊ, ಹುರುಳಿಕಾಯಿ, ಮೆಣಸಿನಕಾಯಿ, ಕುಂಬಳ, ಗೆಣಸು ಇವು ಹಿಮ ತಾಳುವುದಿಲ್ಲ. ಮೊದಲ ಹಿಮಕ್ಕೆ ಮುಂಚೆ ಒಳಗೆ ಬರಬೇಕು. ಆಲೂಗಡ್ಡೆಯ ಎಲೆ ಸುಟ್ಟುಹೋದರೂ ಗಡ್ಡೆ ಮಣ್ಣಿನಡಿಯಲ್ಲಿ ಕ್ಷೇಮ, ಆದರೆ ನೆಲ ಹೆಪ್ಪುಗಟ್ಟುವ ಮೊದಲು ಅಗೆಯಬೇಕು. ಕ್ಯಾರೆಟ್‌ಗೆ ಅವಸರವೇ ಇಲ್ಲ. ಚಳಿ ತಗುಲಿದರೆ ಅದು ತನ್ನ ಪಿಷ್ಟವನ್ನು ಸಕ್ಕರೆಯಾಗಿ ಬದಲಿಸಿಕೊಳ್ಳುತ್ತದೆ. ಸಕ್ಕರೆ ಕರಗಿದ ರಸ ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ. ಅದು ತನ್ನನ್ನು ಉಳಿಸಿಕೊಳ್ಳಲು ಮಾಡುವ ಉಪಾಯ, ನಮಗೆ ಸಿಹಿ. ಮಡಿಯ ಮೇಲೆ ಒಣಹುಲ್ಲನ್ನೋ ಉದುರಿದ ಎಲೆಗಳನ್ನೋ ಒಂದಡಿ ದಪ್ಪ ಹಾಸಿ, ಬೇಕಾದಾಗ ಬೇಕಾದಷ್ಟು ಕಿತ್ತುಕೊಳ್ಳಿ.

ಬಿರಿಯಲು ಸಿದ್ಧವಾಗಿರುವ ಎಲೆಕೋಸಿನ ತಲೆಯನ್ನು ಎರಡೂ ಕೈಗಳಿಂದ ಹಿಡಿದು ಕಾಲು ಸುತ್ತು ತಿರುಗಿಸಿ. ಕೆಲವು ಬೇರುಗಳು ಹರಿದು ನೀರು ಏರುವುದು ಕಡಿಮೆಯಾಗುತ್ತದೆ, ಬಿರಿಯುವುದು ಮುಂದಕ್ಕೆ ಹೋಗುತ್ತದೆ. ಅಷ್ಟರಲ್ಲಿ ಟೊಮೆಟೊ ನೋಡಿಕೊಳ್ಳಬಹುದು.

ಹಿತ್ತಿಲಬಾಗಿಲು:
ಇದು ನನಗೆ ಹೊಳೆದೇ ಇರಲಿಲ್ಲ. ಆದರೆ ನೆಲಮಾಳಿಗೆಯೇ ಇಲ್ಲದ ಮನೆಯಲ್ಲಿ ಇವನ್ನೆಲ್ಲ ಇಡುವುದು ಎಲ್ಲಿ? ಒಂದೇ ಬುಟ್ಟಿಯಲ್ಲಿ ಹಾಕಿ ಅಡುಗೆಮನೆಯ ಮೂಲೆಯಲ್ಲಿಟ್ಟರೆ ಸಾಲದೇ?

ಎರೆಹುಳು:
ಸಾಲದು. ಅಡುಗೆಮನೆ ಮನೆಯಲ್ಲೇ ಅತಿ ಕೆಟ್ಟ ಜಾಗ. ಬೆಚ್ಚಗಿರುತ್ತದೆ, ಹಬೆಯಾಡುತ್ತದೆ. ಒಂದು ಥರ್ಮಾಮೀಟರ್ ಹಿಡಿದು ಮನೆಯೆಲ್ಲ ಅಲೆಯಿರಿ: ಮೆಟ್ಟಿಲ ಕೆಳಗೆ, ಬಿಸಿಲು ಬೀಳದ ಗೋಡೆಯ ಪಕ್ಕದ ಕೋಣೆ, ವಾಹನ ನಿಲ್ಲಿಸುವ ಜಾಗ, ಮಂಚದ ಅಡಿ. ನಿಮಗೆ ಮೂರು ಬಗೆಯ ಜಾಗ ಬೇಕು.

ಈರುಳ್ಳಿ, ಬೆಳ್ಳುಳ್ಳಿಗೆ ತಣ್ಣನೆಯ ಒಣ ಜಾಗ. ಈರುಳ್ಳಿಗೆ ಸೊನ್ನೆಯಿಂದ 4 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು, ಗಾಳಿಯಾಡಲೇಬೇಕು. ಆಲೂಗಡ್ಡೆಗೆ ಕತ್ತಲು, ತೇವ, 4ರಿಂದ 7 ಡಿಗ್ರಿ. ಅದಕ್ಕಿಂತ ತಣ್ಣಗಾದರೆ ಪಿಷ್ಟ ಸಕ್ಕರೆಯಾಗಿ, ಕರಿದಾಗ ಕಪ್ಪಗಾಗುತ್ತದೆ. ಕುಂಬಳಕ್ಕೆ 10ರಿಂದ 15 ಡಿಗ್ರಿಯ ಒಣ ಜಾಗ; ಚಳಿಗಾಲದಲ್ಲಿ ಬಿಸಿ ಮಾಡದ ಮಲಗುವ ಕೋಣೆ ಇದಕ್ಕೆ ಸರಿಯಾಗುತ್ತದೆ. ಗೆಣಸೂ ಅಲ್ಲೇ ಇರಬಹುದು, ಆದರೆ ಅದಕ್ಕೆ 13 ಡಿಗ್ರಿಗಿಂತ ಕೆಳಗಿನ ಚಳಿ ಬೇಡ. ಫ್ರಿಜ್‌ನಲ್ಲಿಟ್ಟ ಹಸಿ ಗೆಣಸು ಒಳಗೆ ಗಟ್ಟಿಯಾಗಿ, ಬೇಯಿಸಿದರೂ ಮೆತ್ತಗಾಗುವುದಿಲ್ಲ.

ಒಳಗಿಡುವ ಮುಂಚೆ ಪ್ರತಿಯೊಂದನ್ನೂ ಹದಮಾಡಬೇಕು. ಹೊಸಬರು ಬಿಟ್ಟುಬಿಡುವ ಹಂತ ಇದೇ. ಈರುಳ್ಳಿಯ ಎಲೆ ಮಲಗಿದ ಮೇಲೆ ಕಿತ್ತು, ನೆರಳಿನಲ್ಲಿ, ಗಾಳಿಯಲ್ಲಿ ಎರಡು ಮೂರು ವಾರ ಒಣಗಿಸಿ. ಕತ್ತು ಪೂರ್ತಿ ಒಣಗಿ ಬಿಗಿಯಾಗಬೇಕು. ಕೊಳೆ ಒಳಗೆ ನುಗ್ಗುವ ಮುಖ್ಯ ದಾರಿ ಅದೇ. ಕತ್ತು ದಪ್ಪಗೆ ಹಸಿಯಾಗಿ ಉಳಿದ ಗಡ್ಡೆಗಳನ್ನು ಮೊದಲು ತಿಂದು ಮುಗಿಸಿ. ಕುಂಬಳವನ್ನು ತೊಟ್ಟಿನ ಸಮೇತ ಕತ್ತರಿಸಿ, ಸಾಧ್ಯವಾದರೆ 27ರಿಂದ 30 ಡಿಗ್ರಿಯ ಬೆಚ್ಚನೆಯಲ್ಲಿ ಹತ್ತು ದಿನ ಇಡಿ. ಉಗುರು ಒತ್ತಿದರೆ ಸಿಪ್ಪೆ ಸೀಳಬಾರದು. ತೊಟ್ಟು ಹಿಡಿದು ಎತ್ತಬೇಡಿ. ತೊಟ್ಟು ಮುರಿದ ಕುಂಬಳ ಆ ಗಾಯದಿಂದಲೇ ಕೊಳೆಯುತ್ತದೆ. ಆಲೂಗಡ್ಡೆಯನ್ನು 10ರಿಂದ 15 ಡಿಗ್ರಿಯಲ್ಲಿ, ಕತ್ತಲೆಯಲ್ಲಿ, ಎರಡು ವಾರ ಬಿಡಿ. ಅಗೆಯುವಾಗ ಆದ ಗೀರುಗಳ ಮೇಲೆ ಅದೇ ಹೊಸ ತೊಗಲು ಕಟ್ಟಿಕೊಳ್ಳುತ್ತದೆ. ಯಾವುದನ್ನೂ ತೊಳೆಯಬೇಡಿ. ಮಣ್ಣು ಒಣಗಿ ತಾನಾಗಿ ಉದುರುತ್ತದೆ.

ಕೋಳಿಗೂಡು:
ಕ್ಯಾರೆಟ್ ಒಳಗಿಡಬೇಕಾದವರಿಗೆ ಒಂದು ಮಾತು. ಸೊಪ್ಪನ್ನು ಬುಡದ ಹತ್ತಿರ ತಿರುಚಿ ತೆಗೆದುಹಾಕಿ, ಹಸಿ ಮರಳಿನಲ್ಲಿ ಪದರ ಪದರವಾಗಿ ಹೂಳಿ. ಮರಳು ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಮುಟ್ಟಿದರೆ ತೇವ ತಿಳಿಯಬೇಕು. ಪಕ್ಕದಲ್ಲಿ ಸೇಬಿನ ಬುಟ್ಟಿ ಇಡಬೇಡಿ. ಮಾಗುವ ಸೇಬು ಎಥಿಲೀನ್ ಅನಿಲ ಬಿಡುತ್ತದೆ, ಆ ಗಾಳಿ ತಾಗಿದ ಕ್ಯಾರೆಟ್ ಕಹಿಯಾಗುತ್ತದೆ. ಕ್ಯಾರೆಟ್ ತಳಿಯೇ ಕೆಟ್ಟದ್ದು ಎಂದು ಬೈದು, ಮುಂದಿನ ವರ್ಷ ಬೇರೆ ಬೀಜ ಬಿತ್ತಿ, ಮತ್ತೆ ಸೇಬಿನ ಪಕ್ಕದಲ್ಲೇ ಇಡುವವರನ್ನು ಕಂಡಿದ್ದೇನೆ.

ಗಾಜಿನಭರಣಿ:
ಎರೆಹುಳು ಅವರು ಜಾಡಿಯ ಮೇಲೆ ಹರಿಹಾಯ್ದದ್ದು ಸ್ವಲ್ಪ ಹೆಚ್ಚಾಯಿತು. ಟೊಮೆಟೊಗೆ ಜಾಡಿಯೇ ಸರಿ. ಕಳಿತ ಟೊಮೆಟೊ ಯಾವ ಮರಳಿನಲ್ಲೂ ಉಳಿಯುವುದಿಲ್ಲ.

ಆದರೆ ಹಿತ್ತಿಲಬಾಗಿಲು ಅವರೇ, 'ಎಲ್ಲವನ್ನೂ ಕುದಿಸಿ ಜಾಡಿಗೆ ತುಂಬಿ' ಎಂದು ಬರೆದಿದ್ದೀರಲ್ಲ, ಅಲ್ಲಿ ನಿಲ್ಲಿ. ಜಾಡಿಯ ಲೋಕದಲ್ಲಿ ಒಂದು ಗಡಿರೇಖೆ ಇದೆ: ಪಿಎಚ್ 4.6. ಪಿಎಚ್ ಎಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಅದಕ್ಕಿಂತ ಹುಳಿಯಾದವನ್ನು, ಅಂದರೆ ಹೆಚ್ಚಿನ ಹಣ್ಣು, ಜಾಮ್, ವಿನೆಗರ್ ಹಾಕಿದ ಉಪ್ಪಿನಕಾಯಿ ಇವನ್ನು, ಮುಚ್ಚಳ ಹಾಕಿದ ಜಾಡಿಯ ಸಮೇತ ಕುದಿಯುವ ನೀರಿನಲ್ಲಿ ಮುಳುಗಿಸಿಟ್ಟು ಕಾಪಾಡಬಹುದು. ಅದಕ್ಕಿಂತ ಹುಳಿ ಕಡಿಮೆ ಇರುವ ಹುರುಳಿಕಾಯಿ, ಕ್ಯಾರೆಟ್, ಬೀಟ್‌ರೂಟ್, ಕುಂಬಳ, ಮಾಂಸ ಯಾವುದಕ್ಕೂ ಕುದಿನೀರು ಸಾಕಾಗುವುದಿಲ್ಲ. ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಮಣ್ಣಿನಲ್ಲಿ ಎಲ್ಲೆಡೆ ಇರುತ್ತವೆ, 100 ಡಿಗ್ರಿಯನ್ನು ಗಂಟೆಗಟ್ಟಲೆ ತಾಳಿಕೊಳ್ಳುತ್ತವೆ. ಗಾಳಿಯಿಲ್ಲದ, ಹುಳಿಯಿಲ್ಲದ, ತೇವದ ಜಾಡಿ ಕೋಣೆಯ ಬಿಸಿಯಲ್ಲಿ ಕುಳಿತರೆ ಅವು ಮೊಳೆತು ವಿಷ ಉಂಟುಮಾಡುತ್ತವೆ. ಅವನ್ನು ಕೊಲ್ಲಲು 116ರಿಂದ 121 ಡಿಗ್ರಿ ಬೇಕು, ಅದು ಜಾಡಿಗಳನ್ನು ಹಬೆಯಲ್ಲಿ ಕಾಯಿಸುವ ಒತ್ತಡದ ಕ್ಯಾನರ್‌ನಲ್ಲಿ ಮಾತ್ರ ಸಿಗುತ್ತದೆ. ಅಡುಗೆಯ ಪ್ರೆಶರ್ ಕುಕ್ಕರ್ ಅದಕ್ಕೆ ಬದಲಿಯಲ್ಲ. ಅದು ಬೇಗ ಕಾದು ಬೇಗ ಆರುತ್ತದೆ. ಕ್ಯಾನರ್‌ಗೆ ಗೊತ್ತುಮಾಡಿದ ಸಮಯದಲ್ಲಿ ಆ ನಿಧಾನದ ಏರಿಳಿತವೂ ಸೇರಿದೆ.

ಟೊಮೆಟೊ ಈ ಗಡಿಯ ಮೇಲೇ ಕುಳಿತಿರುವ ಹಣ್ಣು. ತಳಿ, ಮಾಗುವಿಕೆ ನೋಡಿಕೊಂಡು ಅದರ ಪಿಎಚ್ 4.6ರ ಆಚೆಗೂ ಈಚೆಗೂ ಓಡಾಡುತ್ತದೆ. ಹೀಗಾಗಿ ಒಂದು ಲೀಟರ್ ಜಾಡಿಗೆ ಎರಡು ದೊಡ್ಡ ಚಮಚ, ಅಂದರೆ 30 ಮಿಲಿಲೀಟರ್, ಬಾಟಲಿಯ ನಿಂಬೆರಸ ಹಾಕಬೇಕು; ಇಲ್ಲವೇ ಅರ್ಧ ಟೀ ಚಮಚ ಸಿಟ್ರಿಕ್ ಆಮ್ಲ. ತಾಜಾ ನಿಂಬೆ ಬೇಡ, ಒಂದೊಂದು ಹಣ್ಣಿನ ಹುಳಿ ಒಂದೊಂದು ಥರ. ಜಜ್ಜಿ ಕುದಿಸಿದ ಟೊಮೆಟೊವನ್ನು ಬಿಸಿಯಿರುವಾಗಲೇ ತುಂಬಿ, ಮೇಲೆ ಒಂದು ಸೆಂಟಿಮೀಟರ್‌ಗೆ ತುಸು ಹೆಚ್ಚು ಜಾಗ ಬಿಟ್ಟು, ಅರ್ಧ ಲೀಟರ್ ಜಾಡಿಯಾದರೆ 35 ನಿಮಿಷ, ಒಂದು ಲೀಟರಿನದಾದರೆ 45 ನಿಮಿಷ ಕುದಿನೀರಿನಲ್ಲಿಡಿ. ಇದು ಸಮುದ್ರಮಟ್ಟದಿಂದ 300 ಮೀಟರ್ ಎತ್ತರದವರೆಗಿನ ಲೆಕ್ಕ. ಎತ್ತರಕ್ಕೆ ಹೋದಂತೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ, ಸುಮಾರು 300 ಮೀಟರ್‌ಗೆ ಒಂದು ಡಿಗ್ರಿಯಂತೆ. 1,500 ಮೀಟರ್ ಎತ್ತರದಲ್ಲಿರುವವರ ಕುದಿನೀರು 95 ಡಿಗ್ರಿ ಅಷ್ಟೇ. ಅವರು ಸಮಯ ಹೆಚ್ಚಿಸಲೇಬೇಕು.

ಇನ್ನೊಂದು ವಿಷಯ: ಹಿಮ ಬಿದ್ದು ಸತ್ತ ಬಳ್ಳಿಯಿಂದ ಕಿತ್ತ ಟೊಮೆಟೊವನ್ನು ಜಾಡಿಗೆ ಹಾಕಬೇಡಿ. ಅದರ ಹುಳಿ ಇಳಿದಿರುತ್ತದೆ.

ಹಳೇಒಲೆ:
ಓದಿ ಓದಿ ಹೆದರಿಕೆ ಹುಟ್ಟಿಸುವುದೇ ಈಗಿನ ಕಾಲದ ಕೆಲಸವಾಗಿದೆ. ನಮ್ಮ ಮನೆಯಲ್ಲಿ ಹಿರಿಯರು ಹುರುಳಿಕಾಯಿಯನ್ನು ಜಾಡಿಗೆ ತುಂಬಿ ದೊಡ್ಡ ಹಂಡೆಯಲ್ಲಿ ಮೂರು ಗಂಟೆ ಕುದಿಸುತ್ತಿದ್ದರು. ಪಿಎಚ್ ಎಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ಚಳಿಗಾಲವಿಡೀ ತಿಂದೆವು, ಯಾರಿಗೂ ಏನೂ ಆಗಲಿಲ್ಲ.

ಗಾಜಿನಭರಣಿ:
ಹಳೇಒಲೆ ಅವರೇ, ಒಂದು ಪ್ರಶ್ನೆ. ಆ ಜಾಡಿ ತೆರೆದ ಮೇಲೆ ಹುರುಳಿಕಾಯಿಯನ್ನು ಹಾಗೆಯೇ ತಟ್ಟೆಗೆ ಬಡಿಸುತ್ತಿದ್ದರೋ, ಮತ್ತೆ ಒಲೆಯ ಮೇಲಿಟ್ಟು ಬೇಯಿಸುತ್ತಿದ್ದರೋ?

ಹಳೇಒಲೆ:
ಬೇಯಿಸದೆ ಯಾರು ತಿನ್ನುತ್ತಾರೆ? ಚೆನ್ನಾಗಿ ಕುದಿಸಿಯೇ ಬಡಿಸುತ್ತಿದ್ದರು. ಅದೇಕೆ?

ಗಾಜಿನಭರಣಿ:
ಮನೆಯವರನ್ನು ಉಳಿಸಿದ್ದು ಬಹುಶಃ ಆ ಎರಡನೇ ಕುದಿ. ಬೀಜಕ ಸಾಯುವುದಿಲ್ಲವಾದರೂ ಅದು ತಯಾರಿಸುವ ವಿಷ ಬಿಸಿಗೆ ಬೇಗ ಸೋಲುತ್ತದೆ. ಹತ್ತು ನಿಮಿಷ ಚೆನ್ನಾಗಿ ಕುದಿದರೆ ಹಾಳಾಗುತ್ತದೆ. ಹಾಗೆಂದು ಅದನ್ನೇ ನಂಬಿ ಕೂರಬೇಡಿ. ಬೇಯುವ ಮುಂಚೆ ಉಪ್ಪು ನೋಡಲು ಒಂದು ಕಾಳು ಬಾಯಿಗೆ ಹಾಕಿಕೊಳ್ಳುವವರು ಪ್ರತಿ ಅಡುಗೆಮನೆಯಲ್ಲೂ ಇರುತ್ತಾರೆ, ವಿಷ ತಗುಲಲು ಅಷ್ಟೇ ಸಾಕು. ಈ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಮುಚ್ಚಳ ಉಬ್ಬಿರಲೇಬೇಕೆಂದೂ ಇಲ್ಲ.

ಮೂರು ಗಂಟೆಯ ಕುದಿ ಮಾಡುವುದು ಇನ್ನೂ ವಿಚಿತ್ರ: ಬೀಜಕದ ಜೊತೆ ಪೈಪೋಟಿ ನಡೆಸಬಲ್ಲ ಉಳಿದೆಲ್ಲ ಜೀವಿಗಳನ್ನು ಕೊಂದು, ಜಾಡಿಯನ್ನು ಅದೊಂದಕ್ಕೇ ಬಿಟ್ಟುಕೊಡುತ್ತದೆ. ಕಣ್ಣಿಗೆ ಎರಡೆರಡಾಗಿ ಕಾಣುವುದು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲಾಗದಿರುವುದು ಇವು ಈ ವಿಷದಿಂದ ಬರುವ ಬೊಟುಲಿಸಂನ ಲಕ್ಷಣಗಳು. ಸಾಮಾನ್ಯವಾಗಿ ತಿಂದ 12ರಿಂದ 36 ಗಂಟೆಯೊಳಗೆ ಕಾಣಿಸಿಕೊಳ್ಳುತ್ತವೆ, ಕೆಲವೊಮ್ಮೆ ದಿನಗಳ ನಂತರವೂ. ಆಗ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಓಡಬೇಕು.

ಹಿರಿಯರಿಗೆ ತಿಳಿದಿರಲಿಲ್ಲ ಎಂಬುದು ಅವಮಾನದ ಮಾತಲ್ಲ. ಗಾಜಿನ ಸೀಸೆಯಲ್ಲಿ ಆಹಾರ ತುಂಬಿ, ಬಿರಡೆ ಬಿಗಿದು, ಕುದಿನೀರಿನಲ್ಲಿಟ್ಟು ಕಾಪಾಡುವ ವಿಧಾನವನ್ನು ಫ್ರಾನ್ಸಿನ ನಿಕೊಲಾ ಅಪೇರ್ ಪ್ರಕಟಿಸಿದ್ದು 1810ರಲ್ಲಿ. ಅಲ್ಲಿನ ಸರ್ಕಾರ ಅವನಿಗೆ 12,000 ಫ್ರಾಂಕ್ ಕೊಟ್ಟಿತು. ಆಹಾರ ಕೆಡುವುದು ಸೂಕ್ಷ್ಮಜೀವಿಗಳಿಂದ ಎಂದು ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು ಸುಮಾರು ಅರ್ಧ ಶತಮಾನದ ನಂತರ. ಕಾರಣ ತಿಳಿಯದೆ ಕೆಲಸ ಕಂಡುಕೊಂಡವರು ಅವರು. ನಮಗೆ ಕಾರಣ ತಿಳಿದಿದೆ, ತಿಳಿದೂ ಕಣ್ಣುಮುಚ್ಚಿಕೊಳ್ಳುವುದು ಬೇರೆ ಮಾತು.

ಹಳೇಒಲೆ:
ಸರಿ, ಹುರುಳಿಕಾಯಿಯ ಜಾಡಿ ಬಿಟ್ಟೆ ಎಂದಿಟ್ಟುಕೊಳ್ಳಿ. ಕ್ಯಾನರ್ ಕೊಳ್ಳುವ ಉದ್ದೇಶ ನನಗಿಲ್ಲ. ಹಾಗಾದರೆ ಬಳ್ಳಿ ತುಂಬ ಇರುವ ಕಾಯಿಯನ್ನು ಏನು ಮಾಡಲಿ?

ಎರೆಹುಳು:
ಬಿಟ್ಟುಬಿಡಿ. ನಿಜವಾಗಿಯೂ. ಬಲಿತದ್ದನ್ನು ಬಳ್ಳಿಯಲ್ಲೇ ಒಣಗಲು ಬಿಡಿ. ಅಲುಗಿಸಿದರೆ ಕಾಳು ಗಲಗಲ ಎನ್ನಬೇಕು. ಮಳೆ ಅಥವಾ ಹಿಮ ಬಂದರೆ ಬಳ್ಳಿಯನ್ನು ಬುಡಸಮೇತ ಕಿತ್ತು ಸೂರಿನಡಿ ತಲೆಕೆಳಗಾಗಿ ತೂಗುಹಾಕಿ. ಸುಲಿದ ಕಾಳಿಗೆ ಹಲ್ಲು ಇಳಿಯದಷ್ಟು ಒಣಗಿದ ಮೇಲೆ, ಕೆಲವು ದಿನ ಫ್ರೀಜರ್‌ನಲ್ಲಿಟ್ಟು ತೆಗೆದರೆ ಹುಳದ ಮೊಟ್ಟೆಗಳು ಸಾಯುತ್ತವೆ. ಆಮೇಲೆ ಡಬ್ಬಿಗೆ ಹಾಕಿ. ವರ್ಷವಿಡೀ ಇರುತ್ತದೆ, ವಿದ್ಯುತ್ ಬೇಡ, ಒಲೆ ಬೇಡ.

ಅಡುಗೆಗೆ ತೆಗೆದಾಗ ಎಚ್ಚರ. ಅದರಲ್ಲೂ ಕೆಂಪು ರಾಜ್ಮಾ ಜಾತಿಯ ಕಾಳಿನಲ್ಲಿ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನ್ ಹೆಚ್ಚು. ಐದು ಗಂಟೆಯಾದರೂ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಬೇಕು. ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆಯಲ್ಲಿ ನೇರವಾಗಿ ಹಾಕಬೇಡಿ.

ಎಳೆಯ ಕಾಯಿಯಿದ್ದರೆ ಫ್ರೀಜರ್. ಮೂರು ನಿಮಿಷ ಕುದಿನೀರಿನಲ್ಲಿ ಅದ್ದಿ, ತಕ್ಷಣ ಮಂಜುಗಡ್ಡೆ ಹಾಕಿದ ನೀರಿಗೆ ಸುರಿದು, ಚೆನ್ನಾಗಿ ಒರೆಸಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ. ಆ ಮೂರು ನಿಮಿಷ ಬಿಟ್ಟರೆ ಕಿಣ್ವಗಳು ಚಳಿಯಲ್ಲೂ ನಿಧಾನವಾಗಿ ಕೆಲಸ ಮಾಡುತ್ತಿರುತ್ತವೆ. ಬಣ್ಣ ಮಾಸಿ ಒಣಹುಲ್ಲಿನ ವಾಸನೆ ಬರುತ್ತದೆ.

ಹಿತ್ತಿಲಬಾಗಿಲು:
ನನ್ನ ಫ್ರೀಜರ್ ಖಾನೆಯಲ್ಲಿ ಜಾಗ ಸ್ವಲ್ಪವೇ ಇರುವುದರಿಂದ ಅದನ್ನು ಯಾವುದಕ್ಕೆ ಮೀಸಲಿಡಬೇಕು? ಕುಂಬಳವನ್ನು ಬೇಯಿಸಿ ನುರಿದು ಇಡೋಣವೆಂದಿದ್ದೆ.

ಗಾಜಿನಭರಣಿ:
ಸಿಪ್ಪೆ ಗಟ್ಟಿಯಾದ ಕುಂಬಳ ಮಂಚದ ಕೆಳಗೇ ಇರಲಿ. ಒಂದನ್ನು ಕತ್ತರಿಸಿದಾಗ ಉಳಿದದ್ದನ್ನು ಮಾತ್ರ ನುರಿದು ಫ್ರೀಜರ್‌ಗೆ ಹಾಕಿ. ನುರಿದ ಕುಂಬಳವನ್ನು ಜಾಡಿಗೆ ಹಾಕುವ ಯೋಚನೆ ಮಾತ್ರ ಬೇಡ, ಒತ್ತಡದ ಕ್ಯಾನರ್ ಇದ್ದರೂ ಬೇಡ. ಅದು ಎಷ್ಟು ಮಂದವೆಂದರೆ ನಡುವಿನವರೆಗೆ ಬಿಸಿ ತಲುಪುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಕಪಾಟಿನಲ್ಲಿಡುವುದೂ ಇದೇ ಅಪಾಯದ ಜಾತಿಗೆ ಸೇರಿದ್ದು. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಬೆಳ್ಳುಳ್ಳಿಯಲ್ಲಿ ಹುಳಿಯಿಲ್ಲ. ಫ್ರಿಜ್‌ನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ, ಇಲ್ಲವೇ ಫ್ರೀಜರ್‌ನಲ್ಲಿಡಿ. ಎಳೆ ಹುರುಳಿಕಾಯಿ, ಬಟಾಣಿ, ಸೊಪ್ಪು ಇವಕ್ಕೆ ಬೇರೆ ಒಳ್ಳೆಯ ದಾರಿ ಇಲ್ಲ, ಖಾನೆ ಅವುಗಳಿಗಿರಲಿ.

ಹುಳಿಗೋಸು:
ಎಲೆಕೋಸಿನ ಸರದಿ ಬರಲಿ ಎಂದು ಕಾಯುತ್ತಿದ್ದೆ. ಕುದಿಯ ಚರ್ಚೆಯಲ್ಲಿ ಎಲ್ಲರೂ ಮರೆತ ದಾರಿ ಹುದುಗಿಸುವುದು. ಬಿಸಿ ಬೇಡ, ಸೀಲು ಬೇಡ. ಉಪ್ಪು ಮತ್ತು ತಾಳ್ಮೆ ಸಾಕು.

ಎಲೆಕೋಸನ್ನು ಸಣ್ಣಗೆ ಹೆಚ್ಚಿ ತೂಗಿ. ಒಂದು ಕಿಲೋಗೆ 20 ಗ್ರಾಂ ಉಪ್ಪು, ಅಂದರೆ ಶೇಕಡಾ 2. ಕಣ್ಣಳತೆ ಬೇಡ, ತಕ್ಕಡಿ ಬಳಸಿ. ಉಪ್ಪು ಕಡಿಮೆಯಾದರೆ ಮೆತ್ತಗಾಗಿ ಕೊಳೆಯುತ್ತದೆ, ಹೆಚ್ಚಾದರೆ ಹುಳಿಯೇ ಬರುವುದಿಲ್ಲ. ಕೈಯಿಂದ ಹಿಸುಕಿದರೆ ಅದರದೇ ನೀರು ಬಿಡುತ್ತದೆ. ಜಾಡಿಗೆ ಒತ್ತಿ ತುಂಬಿ, ಮೇಲೆ ಭಾರವಿಟ್ಟು, ಎಲ್ಲವೂ ನೀರಿನಡಿ ಮುಳುಗಿರುವಂತೆ ನೋಡಿಕೊಳ್ಳಿ. ಎಲೆಯ ಮೇಲೆ ಮೊದಲೇ ಇರುವ ಬ್ಯಾಕ್ಟೀರಿಯಾಗಳಲ್ಲಿ ಲ್ಯೂಕೊನೊಸ್ಟಾಕ್ ಗುಂಪು ಮೊದಲು ಕೆಲಸ ಶುರುಮಾಡಿ, ಇಂಗಾಲದ ಡೈಆಕ್ಸೈಡ್ ಬಿಟ್ಟು ಗಾಳಿಯನ್ನು ಹೊರದೂಡುತ್ತದೆ. ಹುಳಿ ಏರಿದಾಗ ಅದು ಹಿಂದೆ ಸರಿದು, ಹೆಚ್ಚು ಹುಳಿ ತಾಳಬಲ್ಲ ಲ್ಯಾಕ್ಟೊಬ್ಯಾಸಿಲಸ್ ಜಾತಿಯವು ಮುಂದುವರಿಸುತ್ತವೆ. ಬೊಟುಲಿಸಂನ ಭಯ ಇಲ್ಲಿಲ್ಲದಿರುವುದು ಈ ಹುಳಿಯಿಂದಲೇ; ಪಿಎಚ್ 4.6ಕ್ಕಿಂತ ಕೆಳಗೆ ಇಳಿದುಬಿಡುತ್ತದೆ. 18ರಿಂದ 22 ಡಿಗ್ರಿಯಲ್ಲಿ ಮೂರು ನಾಲ್ಕು ವಾರ. ಶರತ್ಕಾಲದ ಕೋಣೆಯ ಬಿಸಿ ಹೇಳಿಮಾಡಿಸಿದಂತಿರುತ್ತದೆ. ಬೇಸಿಗೆಯಲ್ಲಿ ಇದೇ ಕೆಲಸ ಅವಸರದಲ್ಲಿ ಮುಗಿದು ರುಚಿ ಒರಟಾಗುತ್ತದೆ.

ಮೊದಲ ವಾರ ಜಾಡಿ ಉಕ್ಕುತ್ತದೆ, ಕೆಳಗೊಂದು ತಟ್ಟೆ ಇಡಿ. ಮುಚ್ಚಳವನ್ನು ಬಿಗಿಯಾಗಿ ತಿರುಪಬೇಡಿ.

ಹಿತ್ತಿಲಬಾಗಿಲು:
ಮೇಲೆ ಬಿಳಿ ಕಟ್ಟಿದರೆ? ಹೋದ ಸಲ ನೆರೆಮನೆಯವರು ಇಡೀ ಜಾಡಿ ಚೆಲ್ಲಿದರು.

ಹುಳಿಗೋಸು:
ಚಪ್ಪಟೆಯಾಗಿ, ತೆಳ್ಳಗೆ, ಸುಕ್ಕುಗಟ್ಟಿದ ಬಿಳಿಪೊರೆಯಾದರೆ ಅದು ಗಾಳಿ ತಾಗಿ ಬೆಳೆದ ಯೀಸ್ಟ್. ಅಪಾಯವಿಲ್ಲ, ತೆಗೆದುಹಾಕಿ, ಬಿಟ್ಟರೆ ರುಚಿ ಕೆಡುತ್ತದೆ. ಕೂದಲುಕೂದಲಾಗಿ, ಹಸಿರು, ಕಪ್ಪು ಅಥವಾ ಗುಲಾಬಿ ಬಣ್ಣದಲ್ಲಿ ಬೆಳೆದಿದ್ದರೆ ಅದು ಬೂಷ್ಟು. ನಾನು ಅಂಥದ್ದನ್ನು ಉಳಿಸಿಕೊಳ್ಳುವ ಗೋಜಿಗೆ ಹೋಗುವುದಿಲ್ಲ. ಒಂದು ಎಲೆಕೋಸಿನ ಆಸೆಗೆ ಹೊಟ್ಟೆಯನ್ನು ಏಕೆ ಪಣಕ್ಕಿಡಬೇಕು?

ಕೋಳಿಗೂಡು:
ಹಸಿರು ಟೊಮೆಟೊ ಬಗ್ಗೆ ಯಾರೂ ಹೇಳಲಿಲ್ಲ. ಹಿಮದ ಸೂಚನೆ ಬಂದ ಸಂಜೆ ಎಲ್ಲವನ್ನೂ ಕಿತ್ತುಬಿಡಿ. ಪೂರ್ತಿ ಬೆಳೆದು, ಮೈ ನುಣುಪಾಗಿ, ಬಣ್ಣ ತುಸು ತಿಳಿಯಾಗಿರುವ ಕಾಯಿಗಳು ಒಳಗೆ ಮಾಗುತ್ತವೆ. ಒಂದನ್ನು ಕೊಯ್ದು ನೋಡಿ: ಬೀಜದ ಸುತ್ತ ಲೋಳೆ ಕಟ್ಟಿದ್ದರೆ ಆ ಗಾತ್ರದವು ಮಾಗುತ್ತವೆ, ಗಟ್ಟಿಯಾಗಿದ್ದರೆ ಇಲ್ಲ. 15ರಿಂದ 20 ಡಿಗ್ರಿ, ಒಂದೇ ಪದರ, ಒಂದಕ್ಕೊಂದು ತಾಗದಂತೆ. ಬಿಸಿಲು ಬೇಕಿಲ್ಲ, ಕಿಟಕಿಯ ಮೇಲೆ ಸಾಲು ಹಚ್ಚುವುದು ಬರೀ ನೋಟಕ್ಕೆ. ಆ ಕ್ಯಾರೆಟ್ ಕೆಡಿಸಿದ ಸೇಬನ್ನು ಇಲ್ಲಿ ತಂದಿಡಿ. ಅದೇ ಎಥಿಲೀನ್ ಇವನ್ನು ಬೇಗ ಮಾಗಿಸುತ್ತದೆ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಮಾಗುವುದೇ ನಿಂತುಹೋಗುತ್ತದೆ.

ಅಂದಹಾಗೆ, ಮೊಟ್ಟೆ ಕಡಿಮೆಯಾಯಿತೆಂದು ಕೋಳಿಗಳನ್ನು ಬೈಯಬೇಡಿ. ಹಗಲು 14 ಗಂಟೆಗಿಂತ ಚಿಕ್ಕದಾದಾಗ ಅವು ಮೊಟ್ಟೆ ಕಡಿಮೆ ಮಾಡಿ ಗರಿ ಬದಲಿಸಿಕೊಳ್ಳುತ್ತವೆ. ಅವಕ್ಕೂ ಚಳಿಗಾಲಕ್ಕೆ ಸಿದ್ಧತೆ ಬೇಡವೇ?

ಹಳೇಒಲೆ:
ಮೆಣಸಿನಕಾಯಿ, ಸೇಬು ಒಣಗಿಸುವುದಕ್ಕಾದರೂ ಬಿಸಿಲು ಸಾಕೋ, ಅದಕ್ಕೂ ಒಂದು ಯಂತ್ರ ಬೇಕೋ?

ಗಾಜಿನಭರಣಿ:
ಬಿಸಿಲಿದ್ದರೆ ಬಿಸಿಲೇ ಸಾಕು, ಆದರೆ 30 ಡಿಗ್ರಿಯಾದರೂ ಇರಬೇಕು, ಗಾಳಿಯ ತೇವ ಶೇಕಡಾ 60ಕ್ಕಿಂತ ಕಡಿಮೆ ಇರಬೇಕು. ಇಬ್ಬನಿ ಬೀಳುವ ಕಾಲದಲ್ಲಿ ಹಗಲು ಆರಿದ್ದು ರಾತ್ರಿ ಮತ್ತೆ ತೇವ ಹೀರಿಕೊಳ್ಳುತ್ತದೆ. ಒವನ್ ಇದ್ದರೆ ಅತಿ ಕಡಿಮೆ ಬಿಸಿಯಲ್ಲಿಟ್ಟು ಬಾಗಿಲನ್ನು ಸ್ವಲ್ಪ ತೆರೆದಿಡಿ. 55ರಿಂದ 60 ಡಿಗ್ರಿ ಸಾಕು. ಬೇಗ ಮುಗಿಯಲೆಂದು ಬಿಸಿ ಏರಿಸಿದರೆ ಹೊರಗೆ ಗಟ್ಟಿ ಪೊರೆ ಕಟ್ಟಿ, ಒಳಗಿನ ನೀರು ಸಿಕ್ಕಿಬೀಳುತ್ತದೆ. ತಿಂಗಳ ನಂತರ ಡಬ್ಬಿ ತೆರೆದರೆ ಬೂಷ್ಟು.

ಒಣಗಿದ ಹಣ್ಣನ್ನು ಪಾರದರ್ಶಕ ಜಾಡಿಯಲ್ಲಿ ಮುಕ್ಕಾಲು ಭಾಗಕ್ಕಿಂತ ಕಡಿಮೆ ತುಂಬಿ, ಒಂದು ವಾರ ದಿನವೂ ಅಲುಗಿಸಿ. ಒದ್ದೆ ಚೂರುಗಳ ತೇವ ಒಣ ಚೂರುಗಳಿಗೆ ಹಂಚಿಕೆಯಾಗುತ್ತದೆ. ಗಾಜಿನ ಒಳಮೈಯಲ್ಲಿ ಹನಿ ಕಂಡರೆ ಮತ್ತೆ ಒಣಗಿಸಬೇಕು.

ಬೀಜದಡಬ್ಬಿ:
ಎಲ್ಲರೂ ಕೊಯ್ಲಿನ ಮಾತನ್ನೇ ಆಡುತ್ತಿದ್ದೀರಿ. ಶರತ್ಕಾಲ ಬಿತ್ತನೆಯ ಕಾಲವೂ ಹೌದು. ಚಳಿಯುಳ್ಳ ಕಡೆ ಬೆಳ್ಳುಳ್ಳಿ ಈಗಲೇ ಮಣ್ಣು ಸೇರಬೇಕು, ನೆಲ ಹೆಪ್ಪುಗಟ್ಟಲು ನಾಲ್ಕರಿಂದ ಆರು ವಾರ ಮುಂಚೆ. ದೊಡ್ಡ ಎಸಳುಗಳನ್ನೇ ಆರಿಸಿ, ಚೂಪು ತುದಿ ಮೇಲಾಗಿ, ಐದು ಸೆಂಟಿಮೀಟರ್ ಆಳಕ್ಕೆ, ಗೇಣಿಗಿಂತ ತುಸು ಕಡಿಮೆ ಅಂತರದಲ್ಲಿ ಊರಿ. ಚಳಿಯ ವಾರಗಳನ್ನು ಕಳೆಯದ ಬೆಳ್ಳುಳ್ಳಿ ಹಲವು ಎಸಳಾಗಿ ಒಡೆಯದೆ ಒಂದೇ ಉಂಡೆಯಾಗಿ ಉಳಿಯುವುದುಂಟು. ಮೇಲೆ ಎಲೆಗಳ ಹೊದಿಕೆ.

ಟೊಮೆಟೊ ಬೀಜ ಎತ್ತಿಡುವವರು ತಿರುಳಿನ ಸಮೇತ ಲೋಟದಲ್ಲಿ ಎರಡು ಮೂರು ದಿನ ಹುಳಿಯಲು ಬಿಡಿ, ಮೊಳಕೆ ತಡೆಯುವ ಲೋಳೆ ಕರಗುತ್ತದೆ. ಮಿಶ್ರತಳಿಯಾದ ಎಫ್1 ಹಣ್ಣಿನ ಬೀಜ ಇಡಬೇಡಿ, ಮುಂದಿನ ಪೀಳಿಗೆ ತಾಯಿಯಂತಿರುವುದಿಲ್ಲ. ಕುಂಬಳದ ಬೀಜದ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಒಂದೇ ಪ್ರಭೇದದ ಬೇರೆ ಬೇರೆ ತಳಿಗಳು, ಅದರಲ್ಲೂ ಅಲಂಕಾರಕ್ಕೆಂದು ಬೆಳೆಯುವ ಕಹಿ ಕುಂಬಳದಂಥವು, ಹತ್ತಿರದಲ್ಲಿದ್ದರೆ ಜೇನ್ನೊಣ ಪರಾಗ ಬೆರೆಸುತ್ತದೆ. ಆ ಬೀಜದಿಂದ ಹುಟ್ಟಿದ ಕಾಯಿ ಬಾಯಿಗಿಡಲಾಗದಷ್ಟು ಕಹಿಯಾಗಿದ್ದರೆ ಅದರಲ್ಲಿ ಕುಕುರ್ಬಿಟಾಸಿನ್ ಎಂಬ ವಿಷಾಂಶ ಇದೆಯೆಂದು ಅರ್ಥ. ನುಂಗಬೇಡಿ, ಉಗುಳಿ.

ಖಾಲಿಯಾದ ಮಡಿಯನ್ನು ಬೆತ್ತಲೆ ಬಿಡಬೇಡಿ. ರೈ, ವೆಚ್ ಎಂಬ ನೆಲ ಹೊದಿಸುವ ಬೆಳೆಗಳನ್ನು ಬಿತ್ತಲು ಸಮಯ ಇಲ್ಲದಿದ್ದರೆ ಉದುರಿದ ಎಲೆಯಾದರೂ ಹರಡಿ. ರೋಗ ಬಿದ್ದ ಟೊಮೆಟೊ ಬಳ್ಳಿಯನ್ನು ಗೊಬ್ಬರದ ಗುಂಡಿಗೆ ಹಾಕುವುದು ಗುಂಡಿ 55 ಡಿಗ್ರಿಗಿಂತ ಹೆಚ್ಚು ಕಾಯುವುದಾದರೆ ಮಾತ್ರ.

ಹಿತ್ತಿಲಬಾಗಿಲು:
ಎಲ್ಲರಿಗೂ ವಂದನೆ. ಈ ವಾರ ಟೊಮೆಟೊ ಜಾಡಿಗೆ, ನಿಂಬೆರಸದ ಸಮೇತ. ಎಲೆಕೋಸುಗಳ ತಲೆ ತಿರುಗಿಸಿಯಾಯಿತು, ಒಂದು ಮಾತ್ರ ಹುಳಿಗೋಸು ಅವರ ಲೆಕ್ಕದಂತೆ ಉಪ್ಪಿಗೆ ಹೋಗುತ್ತದೆ. ಹುರುಳಿ ಬಳ್ಳಿಯನ್ನು ಮುಟ್ಟುವುದಿಲ್ಲ. ಮೆಟ್ಟಿಲ ಕೆಳಗೆ 8 ಡಿಗ್ರಿ, ಹಿಂದಿನ ಕೋಣೆಯಲ್ಲಿ 14 ಡಿಗ್ರಿ ಸಿಕ್ಕಿತು. ತೊಳೆದಿಟ್ಟ ಜಾಡಿಗಳಲ್ಲಿ ಅರ್ಧದಷ್ಟು ಉಳಿಯುತ್ತವೆ, ಯಾರಿಗಾದರೂ ಬೇಕಿದ್ದರೆ ಹೇಳಿ.

ಕೊನೆಯ ಒಂದು ಪ್ರಶ್ನೆ. ಆಲೂಗಡ್ಡೆ ಅಗೆದಾಗ ಮೇಲೆಯೇ ಇದ್ದ ಕೆಲವು ಹಸಿರಾಗಿವೆ. ಸಿಪ್ಪೆ ಹೆರೆದು ಬೇಯಿಸಿದರೆ ಆಗುತ್ತದೆಯೇ? ಸಿಪ್ಪೆಯನ್ನು ಕೋಳಿಗೆ ಹಾಕಬಹುದೇ?

ಎರೆಹುಳು:
8 ಡಿಗ್ರಿ ಆಲೂಗಡ್ಡೆಗೆ ನಡೆಯುತ್ತದೆ, ಸ್ವಲ್ಪ ಬೇಗ ಮೊಳಕೆಯೊಡೆಯಬಹುದು ಅಷ್ಟೇ. ಮೇಲೆ ಗೋಣಿ ಹೊದಿಸಿ ಕತ್ತಲು ಮಾಡಿ. ಈರುಳ್ಳಿಯನ್ನು ಅದರ ಜೊತೆ ಇಡಬೇಡಿ, ಆಲೂಗಡ್ಡೆಯ ತೇವಕ್ಕೆ ಈರುಳ್ಳಿ ಕೊಳೆಯುತ್ತದೆ.

ಹಸಿರು ಬಣ್ಣ ಬರೀ ಪತ್ರಹರಿತ್ತು, ಆದರೆ ಬೆಳಕು ತಾಗಿದ ಅದೇ ಜಾಗದಲ್ಲಿ ಸೊಲನಿನ್ ಎಂಬ ವಿಷವೂ ಹೆಚ್ಚುತ್ತದೆ. ಬೇಯಿಸಿದರೆ ಅದು ಹೋಗುವುದಿಲ್ಲ. ಒಂದು ಮೂಲೆ ಮಾತ್ರ ತಿಳಿಹಸಿರಾಗಿದ್ದರೆ ದಪ್ಪಗೆ ಕತ್ತರಿಸಿ ತೆಗೆದು ಉಳಿದದ್ದನ್ನು ಬಳಸಿ. ಮೈಯೆಲ್ಲ ಹಸಿರಾಗಿದ್ದರೆ, ಅಥವಾ ಬೆಂದ ಮೇಲೆ ಕಹಿ ಎನಿಸಿದರೆ, ಎಸೆಯಿರಿ. ಕೋಳಿಗೂ ಬೇಡ. ರೋಗದ ಕಲೆ ಇಲ್ಲದ ಹಸಿರು ಗಡ್ಡೆಗಳನ್ನು ಬೇರೆ ಬುಟ್ಟಿಯಲ್ಲಿಡಿ, ಬಿತ್ತನೆಗೆ ಬರುತ್ತವೆ.